ಈಚಲ ಮರದ ಕೆಳಗಿನ ಮಜ್ಜಿಗೆ

ಮೊನ್ನೆ ಬೆಳಗಿನ ನಡಿಗೆ ಮುಗಿಸಿ ಜಯನಗರದ ನಮ್ಮ ಉದ್ಯಾನದ ಕಲ್ಲುಬೆಂಚಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತರಾದ ಮಿತ್ರರೊಬ್ಬರು ತಮ್ಮ ಮೊಬೈಲನ್ನು ನನ್ನ ಕನ್ನಡಕದ ಮುಂದೆ ಹಿಡಿದರು. ಎಲ್ಲಿಯೋ ಒಬ್ಬ ಯುವಕನ ಬಂಧನವಾದ ಸುದ್ದಿ. ಅವನ ಲ್ಯಾಪ್‌ಟಾಪಿನಲ್ಲಿ ಉಗ್ರವಾದಿಗಳ ಭಾಷಣಗಳೂ ಪುಸ್ತಕಗಳೂ ಸಿಕ್ಕಿದವೆಂದು ದಪ್ಪಕ್ಷರದಲ್ಲಿ ಬರೆದಿತ್ತು. "ಇನ್ನೇನು ಬೇಕು ಮೇಷ್ಟ್ರೇ? ಕೋರ್ಟು, ವಿಚಾರಣೆ ಎಲ್ಲ ದಂಡ. ಕಡತವೇ ಸಿಕ್ಕಿದ ಮೇಲೆ ಅವನು ಏನು ಹೇಳಿದರೆ ಯಾರು ನಂಬುತ್ತಾರೆ?" ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಅಷ್ಟೇ ಬಿರುಸಿನಿಂದ, "ಎಲ್ಲ ಪೊಲೀಸರು ಕಟ್ಟಿದ ಕತೆ. ಓದಿದ ಹುಡುಗರು ಇಂಥದ್ದನ್ನೆಲ್ಲ ಮಾಡುವುದಿಲ್ಲ" ಎಂದರು. ಇಬ್ಬರೂ ತೀರ್ಪು ಕೊಟ್ಟಾಗಿತ್ತು. ಇಬ್ಬರಲ್ಲಿ ಯಾರೂ ಆ ಕಡತವನ್ನು ನೋಡಿರಲಿಲ್ಲ, ಆ ಯುವಕನ ಒಂದು ಮಾತನ್ನೂ ಕೇಳಿರಲಿಲ್ಲ.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೇವೆ. ಅಲ್ಲಿ ಕೂರಬೇಡ ಎಂಬ ಬುದ್ಧಿವಾದವಾಗಿ ಅದನ್ನು ಮಕ್ಕಳಿಗೆ ಹೇಳುತ್ತೇವೆ. ಆ ಗಾದೆ ನೋಡುವವನಿಗೂ ಒಂದು ಮಾತು ಹೇಳುತ್ತದೆ ಎಂಬುದನ್ನು ಮರೆತುಬಿಡುತ್ತೇವೆ: ಅಯ್ಯಾ, ದೂರದಿಂದ ಕೂಗಬೇಡ, ಹತ್ತಿರ ಹೋಗಿ ಲೋಟವನ್ನು ಮೂಸಿ ನೋಡು. ಮರದ ಕೆಳಗೆ ಕುಳಿತವನ ಕೈಯಲ್ಲಿ ಹೆಂಡವೇ ಇರಬಹುದು, ಮಜ್ಜಿಗೆಯೂ ಇರಬಹುದು. ಮರವನ್ನು ತೋರಿಸಿ ಲೋಟದೊಳಗಿನದನ್ನು ನಿರ್ಣಯಿಸುವುದು ಸೋಮಾರಿಯ ನ್ಯಾಯ.

ಈ ಮಾತನ್ನು ಹೇಳಲು ದಕ್ಷಿಣ ಬೆಂಗಳೂರಿನ ನಮಗೆ ವಿಶೇಷವಾದ ಹೊಣೆಯಿದೆ. 2007ರ ಜುಲೈ ತಿಂಗಳನ್ನು ನಮ್ಮ ಬಡಾವಣೆಗಳ ಹಿರಿಯರು ಮರೆತಿರಲಾರರು. ಆ ವರ್ಷದ ಜೂನ್ 29ರಂದು ಲಂಡನ್ನಿನಲ್ಲಿ ಪೆಟ್ರೋಲು, ಅನಿಲದ ಸಿಲಿಂಡರು ಮತ್ತು ಮೊಳೆಗಳನ್ನು ತುಂಬಿದ್ದ ಎರಡು ಕಾರುಗಳು ಸಿಕ್ಕವು. ಮರುದಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪೊಂದು ನುಗ್ಗಿತು. ಅದರಲ್ಲಿದ್ದವರಲ್ಲಿ ಒಬ್ಬನಾದ ಕಫೀಲ್ ಅಹಮದ್ ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಓದಿದ ಎಂಜಿನಿಯರ್. ತಂದೆತಾಯಿಯರ ಮನೆ ನಮ್ಮ ಬನಶಂಕರಿಯಲ್ಲಿ. ಸುಟ್ಟಗಾಯಗಳಿಂದ ಆತ ಆಗಸ್ಟ್ 2ರಂದು ಸತ್ತ. ಅವನ ತಮ್ಮ, ವೈದ್ಯ ಸಬೀಲ್ ಅಹಮದ್ ಇಂಗ್ಲೆಂಡಿನಲ್ಲಿ ಬಂಧಿತನಾದ. ಇವರ ಸಂಬಂಧಿ, ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಮೊಹಮ್ಮದ್ ಹನೀಫ್, ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಅವರ ಕುಟುಂಬ ಇದ್ದದ್ದು ಬಿಟಿಎಂ ಬಡಾವಣೆಯಲ್ಲಿ. ಆ ದಿನಗಳಲ್ಲಿ ಟೀವಿ ವಾಹಿನಿಗಳ ಛತ್ರಿ ಹೊತ್ತ ವಾಹನಗಳು ಬನಶಂಕರಿಯಿಂದ ಬಿಟಿಎಂಗೆ, ಬಿಟಿಎಂನಿಂದ ಬನಶಂಕರಿಗೆ ಓಡಾಡಿದವು. ಮೂವರು ಬೇರೆಬೇರೆ ಮನುಷ್ಯರೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯಲೇ ಇಲ್ಲ.

ಆ ಮೂವರ ಕತೆಯನ್ನು ಇಂದು ತಣ್ಣಗೆ ಕುಳಿತು ಓದಿದರೆ, ಕಡತವೆಂಬ ಸಾಕ್ಷಿ ಎಷ್ಟು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಸಬೀಲನ ಸಂಗತಿ. ಅಣ್ಣ ಕಳಿಸಿದ ಸಂದೇಶದ ಪ್ರಕಾರ ಒಂದು ಇಮೇಲ್ ಖಾತೆಯನ್ನು ಈತ ತೆರೆದು ಓದಿದ. ದಾಳಿಯ ಹಿಂದಿನ ಉದ್ದೇಶವೂ, ಪೊಲೀಸರ ದಾರಿ ತಪ್ಪಿಸುವ ಸೂಚನೆಯೂ ಅದರಲ್ಲಿದ್ದವು. ಉದ್ಯಾನದ ನನ್ನ ಮಿತ್ರರಾದರೆ ಇಲ್ಲಿಗೇ ಕಡತ ಮುಚ್ಚುತ್ತಿದ್ದರು. ಲಂಡನ್ನಿನ ನ್ಯಾಯಾಲಯ ಇನ್ನೊಂದು ಪ್ರಶ್ನೆ ಕೇಳಿತು: ಅದನ್ನು ಆತ ತೆರೆದದ್ದು ಯಾವಾಗ? ದಾಳಿ ನಡೆದುಹೋದ ಮೇಲೆ. ಮೊದಲೇ ಗೊತ್ತಿತ್ತು ಎನ್ನಲು ಆಧಾರವಿರಲಿಲ್ಲ. ಗಣಕದಲ್ಲಿ ಉಳಿದಿದ್ದ ಗಂಟೆ ನಿಮಿಷಗಳೇ ಸಂಚಿನ ಆರೋಪದಿಂದ ಅವನನ್ನು ದೂರವಿರಿಸಿದವು. ಆದರೆ ಓದಿದ ಮೇಲೆ ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದನಲ್ಲ, ಆ ಮೌನವೇ ಅಪರಾಧವಾಯಿತು. 2008ರ ಏಪ್ರಿಲಿನಲ್ಲಿ ಆತ ತಪ್ಪೊಪ್ಪಿಕೊಂಡ. ಹದಿನೆಂಟು ತಿಂಗಳ ಶಿಕ್ಷೆಯಾಯಿತು, ಆಗಲೇ ಕಳೆದಿದ್ದ ಸೆರೆವಾಸವನ್ನು ಲೆಕ್ಕ ಹಿಡಿದು ಭಾರತಕ್ಕೆ ಕಳುಹಿಸಿದರು. ಆತನಲ್ಲಿ ಉಗ್ರವಾದಿ ನಿಲುವಿನ ಸುಳಿವು ಕಾಣಲಿಲ್ಲವೆಂದು ಆ ದಿನ ನ್ಯಾಯಾಧೀಶರೇ ಹೇಳಿದರು. ಒಂದೇ ಕಡತ ಒಂದು ಆರೋಪದಿಂದ ಬಿಡಿಸಿತು, ಇನ್ನೊಂದಕ್ಕೆ ಸಿಲುಕಿಸಿತು.

ಇದೇ ಸಬೀಲನನ್ನು 2020ರಲ್ಲಿ ಸೌದಿ ಅರೇಬಿಯದಿಂದ ಕರೆತಂದು, 2012ರ ಬೆಂಗಳೂರಿನ ಲಷ್ಕರ್ ಸಂಚಿನ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳ ಬಂಧಿಸಿತು. "ನೋಡಿದಿರಾ, ಅಂದೇ ಗೊತ್ತಿತ್ತು" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಅಂದು ಯಾರಿಗೂ ಗೊತ್ತಿರಲಿಲ್ಲ. ಅಂದಿನ ನ್ಯಾಯಾಲಯ ಅಂದಿನ ಕಡತದ ಮೇಲೆ ಅಂದಿನ ಪ್ರಶ್ನೆಗೆ ಉತ್ತರ ಕೊಟ್ಟಿತು. ಬೇರೆ ಪ್ರಕರಣಕ್ಕೆ ಬೇರೆ ಸಾಕ್ಷ್ಯ ಬೇಕು. ಹಳೆಯ ಉತ್ತರಪತ್ರಿಕೆಯ ಅಂಕವನ್ನು ಹೊಸ ಪರೀಕ್ಷೆಗೆ ಸೇರಿಸುವ ಪದ್ಧತಿ ಯಾವ ಶಾಲೆಯಲ್ಲೂ ಇಲ್ಲ.

ಇನ್ನು ಹನೀಫರ ಸಂಗತಿ. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಸಬೀಲನಿಗೆ ಕೊಟ್ಟು ಬಂದಿದ್ದರು. ಆ ಕಾರ್ಡು ಗ್ಲಾಸ್ಗೋದ ಸುಟ್ಟ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರದ ಪರ ವಕೀಲರು ಆಸ್ಟ್ರೇಲಿಯದ ನ್ಯಾಯಾಲಯದಲ್ಲಿ ಹೇಳಿದರು. ನಿಜವಾಗಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ, ಸಬೀಲನ ಬಳಿ. ಒಮ್ಮುಖದ ಟಿಕೆಟ್ಟಿನಲ್ಲಿ ದೇಶ ಬಿಡುತ್ತಿದ್ದರೆಂಬುದು ಇನ್ನೊಂದು ಅನುಮಾನ. ಬೆಂಗಳೂರಿನಲ್ಲಿ ಹೆಣ್ಣುಮಗು ಹುಟ್ಟಿ ವಾರವಾಗಿತ್ತು, ಅದನ್ನು ನೋಡಲು ಹೊರಟೆ ಎಂದು ಹನೀಫ್ ಹೇಳಿದರು. ಸಿಮ್ ಕಾರ್ಡಿನ ವಿಷಯ ತಿಳಿದೊಡನೆ ಬ್ರಿಟಿಷ್ ಪೊಲೀಸ್ ಅಧಿಕಾರಿಯ ಸಂಖ್ಯೆಗೆ ತಾವೇ ಕರೆ ಮಾಡಲು ಯತ್ನಿಸಿದ್ದೆ, ಸಿಗಲಿಲ್ಲ ಎಂದೂ ಮೊದಲ ವಿಚಾರಣೆಯಲ್ಲೇ ಹೇಳಿದರು. ಓಡಿಹೋಗುವವನು ಪೊಲೀಸರಿಗೆ ಫೋನು ಮಾಡುತ್ತಾನೆಯೇ? ಆ ಕರೆಗಳಿಗೆ ದಾಖಲೆಯಿತ್ತು. ಪರೀಕ್ಷಿಸಬಹುದಾಗಿದ್ದ ಮಾತು ಅದು.

ಹನ್ನೆರಡು ದಿನ ಆರೋಪವಿಲ್ಲದೆ ಇಟ್ಟುಕೊಂಡು ಜುಲೈ 14ರಂದು ಆರೋಪ ಹೊರಿಸಿದರು. 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅದೇ ದಿನ ವಲಸೆ ಸಚಿವರಾದ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದುಮಾಡಿ ಬಿಡುಗಡೆಯನ್ನು ತಡೆದರು. 27ರಂದು ಆರೋಪವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಹನೀಫ್ ಬೆಂಗಳೂರಿಗೆ ಬಂದರು. ಇಷ್ಟಾದರೂ ಸಚಿವರು ಸುಮ್ಮನಾಗಲಿಲ್ಲ. ಜುಲೈ 31ರಂದು, ಹನೀಫ್ ತಮ್ಮ ಸೋದರನೊಡನೆ ಗಣಕದಲ್ಲಿ ನಡೆಸಿದ್ದ ಹರಟೆಯ ಕೆಲವು ತುಣುಕುಗಳನ್ನು ಹೊರಗೆ ಬಿಟ್ಟರು. ಉರ್ದುವಿನಿಂದ ಭಾಷಾಂತರಿಸಿದ್ದ ಆ ತುಣುಕಿನಲ್ಲಿ, ನಿನ್ನ ಬಗ್ಗೆ ಏನೂ ತಿಳಿದುಬಂದಿಲ್ಲ ಎಂಬರ್ಥದ ಒಂದು ಮಾತಿತ್ತು. ಕಂಡಿರಾ ಗುಟ್ಟು ಎಂದರು.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು. 'ಸಂದರ್ಭದೊಡನೆ ವಿವರಿಸಿ' ಎಂಬ ಪ್ರಶ್ನೆಯನ್ನು ಸಾವಿರಾರು ಮಕ್ಕಳಿಗೆ ಕೊಟ್ಟವನು. ಯಾರು, ಯಾರಿಗೆ, ಯಾವಾಗ, ಏತಕ್ಕೆ ಹೇಳಿದರು ಎಂಬುದನ್ನು ಬರೆಯದವನಿಗೆ ಅಂಕವಿಲ್ಲ. ನಿನ್ನ ಬಗ್ಗೆ ಏನೂ ತಿಳಿದುಬಂದಿಲ್ಲ ಎಂಬ ವಾಕ್ಯವನ್ನೇ ನೋಡಿ. ಕಳ್ಳನೊಬ್ಬ ಇನ್ನೊಬ್ಬ ಕಳ್ಳನಿಗೆ ಹೇಳಿದರೆ, ನಿನ್ನ ಗುಟ್ಟು ಬಯಲಾಗಿಲ್ಲ ಎಂದರ್ಥ. ಸಂಬಂಧಿಕನ ಬಂಧನದಿಂದ ಕಂಗೆಟ್ಟ ತಮ್ಮನೊಬ್ಬ ಅಣ್ಣನಿಗೆ ಹೇಳಿದರೆ, ನಿನ್ನ ಹೆಸರು ಬಂದಿಲ್ಲ, ಧೈರ್ಯವಾಗಿರು ಎಂದರ್ಥ. ಇಡೀ ಸಂಭಾಷಣೆಯನ್ನು ಮೂಲಭಾಷೆಯಲ್ಲಿ ಎದುರಿಗಿಡದೆ ಒಂದು ಸಾಲನ್ನು ಕತ್ತರಿಸಿ ತೋರಿಸುವವನು ಓದುಗನನ್ನು ದಾರಿ ತಪ್ಪಿಸುತ್ತಾನೆ. ಒಂಬತ್ತನೆಯ ತರಗತಿಯ ಹುಡುಗ ಹೀಗೆ ಬರೆದಿದ್ದರೆ ನಾನು ಸೊನ್ನೆ ಸುತ್ತುತ್ತಿದ್ದೆ. ಒಂದು ದೇಶದ ಸಚಿವರೇ ಬರೆದರೆ ಸುತ್ತುವವರಾರು?

ಕೊನೆಗೆ ಸುತ್ತಿದವರು ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್. ಹನೀಫರಿಗೆ ದಾಳಿಯೊಡನೆ ಸಂಬಂಧವಿತ್ತು ಎನ್ನಲು ಯಾವ ಸಾಕ್ಷ್ಯವೂ ಇರಲಿಲ್ಲವೆಂದು ಅವರ ವಿಚಾರಣಾ ವರದಿ 2008ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಹೇಳಿತು. ವೀಸಾ ರದ್ದತಿಯನ್ನು ಅಲ್ಲಿನ ಫೆಡರಲ್ ನ್ಯಾಯಾಲಯ 2007ರಲ್ಲೇ ತಳ್ಳಿಹಾಕಿತ್ತು. 2010ರಲ್ಲಿ ಸರ್ಕಾರ ಅವರಿಗೆ ಪರಿಹಾರ ಕೊಟ್ಟಿತು.

ಹಾಗಾದರೆ ಆರೋಪಿಯ ಮಾತನ್ನೆಲ್ಲ ನಂಬಬೇಕೇ? ಖಂಡಿತ ಇಲ್ಲ. ಜೀಪಿನಲ್ಲಿದ್ದ ಇನ್ನೊಬ್ಬ, ವೈದ್ಯ ಬಿಲಾಲ್ ಅಬ್ದುಲ್ಲಾ, ಜನರನ್ನು ಹೆದರಿಸುವುದಷ್ಟೇ ನನ್ನ ಉದ್ದೇಶವಾಗಿತ್ತು, ಕೊಲ್ಲುವುದಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿದ. ಮೊಳೆ ತುಂಬಿದ ಕಾರುಗಳ ಮುಂದೆ, ಜೀಪಿನಲ್ಲಿ ಸಿಕ್ಕ ಲ್ಯಾಪ್‌ಟಾಪಿನ ಬರಹಗಳ ಮುಂದೆ ಆ ಮಾತು ನಿಲ್ಲಲಿಲ್ಲ. 2008ರ ಡಿಸೆಂಬರಿನಲ್ಲಿ ಕನಿಷ್ಠ 32 ವರ್ಷ ಸೆರೆಯಲ್ಲಿರಬೇಕಾದ ಜೀವಾವಧಿ ಶಿಕ್ಷೆಯಾಯಿತು. ಆದರೆ ಅದೇ ಕಟಕಟೆಯಲ್ಲಿ ನಿಂತಿದ್ದ, ಅವನಿಗೆ ಹಣ ಕೊಟ್ಟಿದ್ದ ವೈದ್ಯ ಮೊಹಮ್ಮದ್ ಆಶಾ, ಏತಕ್ಕೆಂದು ನನಗೆ ಗೊತ್ತಿರಲಿಲ್ಲ ಎಂದಾಗ ಅದೇ ಜ್ಯೂರಿ ಆತನನ್ನು ಬಿಡುಗಡೆ ಮಾಡಿತು. ಇಬ್ಬರೂ ವೈದ್ಯರು, ಒಂದೇ ಧರ್ಮದವರು, ಪರಸ್ಪರ ಸ್ನೇಹಿತರು. ಒಬ್ಬನ ಮಾತು ಬಿದ್ದಿತು, ಇನ್ನೊಬ್ಬನ ಮಾತು ನಿಂತಿತು. ವಿಚಾರಣೆ ಎಂದರೆ ಇದು. 'ಅವರೆಲ್ಲ ಹಾಗೆಯೇ' ಎನ್ನುವವರಿಗೂ, 'ಓದಿದವರು ಹಾಗಲ್ಲ' ಎನ್ನುವವರಿಗೂ ಆ ಜ್ಯೂರಿ ಒಂದೇ ದಿನ ಉತ್ತರ ಕೊಟ್ಟಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಾಗಿದ್ದೆ. ಒಬ್ಬ ಹುಡುಗನ ಬೆಂಚಿನ ಕೆಳಗೆ ನಕಲು ಚೀಟಿ ಸಿಕ್ಕಿತು. "ನಂದಲ್ಲ ಸಾರ್" ಎಂದ. ಹೇಳುವಾಗ ತುಟಿ ನಡುಗಿತು, ಕಣ್ಣು ನೆಲ ನೋಡಿತು. ತಪ್ಪಿತಸ್ಥನ ಮುಖವೆಂದರೆ ಇದೇ ಎಂದು ತೀರ್ಮಾನಿಸಿ ಹೊರಗೆ ಕಳಿಸಿದೆ. ಸಂಜೆ ಉತ್ತರಪತ್ರಿಕೆಗಳನ್ನು ಕಟ್ಟುವಾಗ ಆ ಚೀಟಿ ಮತ್ತೆ ಕೈಗೆ ಬಂತು. ಅಕ್ಷರ ಅವನದಾಗಿರಲಿಲ್ಲ. ಅವನ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರ ಕೊಟ್ಟಿದ್ದವನ ಅಕ್ಷರವಾಗಿತ್ತು. ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಹಿಡಿದು ನೋಡಲು ಎರಡು ನಿಮಿಷ ಸಾಕಾಗಿತ್ತು. ಆ ಎರಡು ನಿಮಿಷವನ್ನು ನಾನು ಖರ್ಚುಮಾಡಲಿಲ್ಲ. ಮರುದಿನ ಮನೆಗೆ ಹೇಳಿಕಳಿಸಿದರೂ ಹುಡುಗ ಬರಲಿಲ್ಲ. ಮುಂದೆ ಶಾಲೆಗೂ ಬರಲಿಲ್ಲ.

ಅಂದಿನಿಂದ ಮುಖ ನೋಡಿ ಸತ್ಯ ಅಳೆಯುವ ವಿದ್ಯೆಯಲ್ಲಿ ನನಗೆ ನಂಬಿಕೆ ಹೋಯಿತು. ನಡುಗುವವನೆಲ್ಲ ಕಳ್ಳನಲ್ಲ, ನಿರ್ಭಯವಾಗಿ ಮಾತಾಡುವವನೆಲ್ಲ ಸಾಚಾ ಅಲ್ಲ. ಸುಳ್ಳು ಹೇಳಿದ ಮಾತ್ರಕ್ಕೂ ಅಪರಾಧ ಸಾಬೀತಾಗದು. ಹೆದರಿದವನ ಸುಳ್ಳು ಬೇರೆ, ಹೂಡಿದವನ ಸುಳ್ಳು ಬೇರೆ. ಇಂಗ್ಲೆಂಡಿನಲ್ಲಿ 1981ರ ಲ್ಯೂಕಸ್ ಪ್ರಕರಣದಿಂದೀಚೆಗೆ ನ್ಯಾಯಾಧೀಶರು ಜ್ಯೂರಿಗೆ ಈ ಎಚ್ಚರಿಕೆಯನ್ನು ಹೇಳುತ್ತ ಬಂದಿದ್ದಾರೆ. ನಾಚಿಕೆಯಿಂದ, ಭಯದಿಂದ, ಮನೆಯವರನ್ನು ಕಾಪಾಡಲು ಕೂಡ ಮನುಷ್ಯ ಸುಳ್ಳಾಡುತ್ತಾನೆ.

ಮುಖವನ್ನು ಬಿಟ್ಟು ಏನನ್ನು ನೋಡಬೇಕು? ಅಕ್ಷರವನ್ನು ನೋಡಬೇಕು. ಕಡತವನ್ನು ಅಲ್ಲಿ ಇಟ್ಟವರು ಯಾರು, ಆ ಯಂತ್ರವನ್ನು ಬಳಸುತ್ತಿದ್ದವರು ಎಷ್ಟು ಮಂದಿ, ಅದು ತಾನಾಗಿ ಬಂದು ಕುಳಿತದ್ದೋ ಹುಡುಕಿ ತಂದದ್ದೋ? ತೆರೆದದ್ದು ಯಾವಾಗ, ಎಷ್ಟು ಬಾರಿ? ಓದಿದ ಮೇಲೆ ಮಾಡಿದ್ದೇನು: ಅಳಿಸಿದನೇ, ಇತರರಿಗೆ ಹಂಚಿದನೇ, ಸಾಮಗ್ರಿ ಕೊಳ್ಳಲು ಹೊರಟನೇ? ಮೊದಲ ದಿನ ಕೊಟ್ಟ ವಿವರಣೆ ಯಾವುದು, ಹೊರಗಿನ ಯಾವ ದಾಖಲೆ ಅದಕ್ಕೆ ತಾಳೆಯಾಗುತ್ತದೆ? ಇವಕ್ಕೆಲ್ಲ ಉತ್ತರ ಸಿಗುತ್ತದೆ. ಹುಡುಕುವ ಶ್ರಮ ಬೇಕು ಅಷ್ಟೇ. ಇಂಗ್ಲೆಂಡಿನಲ್ಲಿಯೇ, ಉಗ್ರವಾದಿ ಕಡತಗಳನ್ನು ಇಟ್ಟುಕೊಂಡಿದ್ದರೆಂದು ಶಿಕ್ಷೆಯಾಗಿದ್ದ ಐವರು ಯುವಕರ ತೀರ್ಪನ್ನು 2008ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಕಡತಕ್ಕೂ ಭಯೋತ್ಪಾದನೆಯ ಕೃತ್ಯಕ್ಕೂ ನೇರವಾದ ಸಂಬಂಧ ತೋರಿಸಬೇಕು ಎಂಬುದು ಅದರ ಸಾರ.

ನಮ್ಮ ಕಾನೂನು ಈ ದಾರಿಯಲ್ಲಿ ಅರ್ಧ ನಡೆದಿದೆ. ಗಣಕದ ದಾಖಲೆಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ಅನ್ವರ್ ಪ್ರಕರಣದಲ್ಲಿ, ಮತ್ತೆ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನೂ ಪ್ರಮಾಣಪತ್ರದಲ್ಲಿ ಕೇಳುತ್ತದೆ. ಒಳ್ಳೆಯದೇ. ಆದರೆ ಅದು ಕಡತ ಬದಲಾಗಿಲ್ಲ ಎನ್ನುತ್ತದೆಯೇ ಹೊರತು, ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವುದಿಲ್ಲ. ಅದನ್ನು ಅಳೆಯಬೇಕಾದದ್ದು ವಿಚಾರಣೆ. ಆ ವಿಚಾರಣೆಯೇ ನಮ್ಮಲ್ಲಿ ವರ್ಷಗಟ್ಟಲೆ ಬರುವುದಿಲ್ಲ. ಯುಎಪಿಎ ಕಾಯಿದೆಯಲ್ಲಿ ಮೇಲ್ನೋಟಕ್ಕೆ ಆರೋಪ ನಿಜವೆಂದು ಕಂಡರೆ ಜಾಮೀನಿಲ್ಲ. 2019ರ ವಟಾಲಿ ತೀರ್ಪಿನ ಪ್ರಕಾರ ಆ ಹಂತದಲ್ಲಿ ನ್ಯಾಯಾಲಯ ಸಾಕ್ಷ್ಯದ ಆಳಕ್ಕಿಳಿದು ತೂಗುವಂತಿಲ್ಲ. ಉಗ್ರ ಸಾಹಿತ್ಯ ಇಟ್ಟುಕೊಂಡ ಮಾತ್ರಕ್ಕೇ ಅಪರಾಧವಾಗದು ಎಂದು 2023ರ ಜುಲೈನಲ್ಲಿ ವರ್ನನ್ ಗೊನ್ಸಾಲ್ವೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆ ಮಾತು ಕೇಳುವ ಹೊತ್ತಿಗೆ ಆತ ಸುಮಾರು ಐದು ವರ್ಷ ಸೆರೆಯಲ್ಲಿ ಕಳೆದಿದ್ದ. ಲೋಟ ಮೂಸಿ ನೋಡುವ ಮೊದಲೇ ಹೆಂಡ ಕುಡಿದ ಶಿಕ್ಷೆ ಮುಗಿದಿರುತ್ತದೆ.

ದೂರವೇಕೆ? ನಮ್ಮದೇ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ, ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ, 2012ರ ಮಾರ್ಚಿನಲ್ಲಿ ತಂದೆಯೊಡನೆ ಬಂಧಿತನಾದ. ನಕ್ಸಲ್ ನಂಟಿನ ಆರೋಪಕ್ಕೆ ಆಧಾರವಾಗಿ ತೋರಿಸಿದವುಗಳಲ್ಲಿ ಭಗತ್ ಸಿಂಗರ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು ಇದ್ದವು. ಬೇಡಿ ಹಾಕಿಸಿಕೊಂಡೇ ಆತ ಪರೀಕ್ಷೆ ಬರೆದ. ಅಂಥ ಪುಸ್ತಕ ಇಟ್ಟುಕೊಳ್ಳುವುದಕ್ಕೆ ಕಾನೂನಿನ ನಿಷೇಧವಿಲ್ಲವೆಂದು ಹೇಳಿ ಮಂಗಳೂರಿನ ನ್ಯಾಯಾಲಯ ತಂದೆಮಗನನ್ನು ಖುಲಾಸೆಗೊಳಿಸಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತು ವರ್ಷ ಮೀರಿತ್ತು. ಮೇಲೆ ಹೇಳಿದ 2012ರ ಬೆಂಗಳೂರು ಪ್ರಕರಣದಲ್ಲಿಯೂ ಪತ್ರಕರ್ತ ಮುತೀ ಉರ್ ರೆಹಮಾನ್ ಸಿದ್ದಿಕಿ ಆರು ತಿಂಗಳು ಸೆರೆಯಲ್ಲಿದ್ದು, ದೋಷಾರೋಪವೇ ಇಲ್ಲದೆ 2013ರ ಫೆಬ್ರವರಿಯಲ್ಲಿ ಹೊರಬಂದರು. ಅದೇ ಪ್ರಕರಣದ ಹದಿಮೂರು ಮಂದಿ 2016ರಲ್ಲಿ ತಪ್ಪೊಪ್ಪಿಕೊಂಡರು. ಒಂದೇ ಬುಟ್ಟಿಯ ಹಣ್ಣನ್ನೂ ಒಂದೊಂದಾಗಿ ಹಿಸುಕಿ ನೋಡಬೇಕೆಂಬುದನ್ನು ಜಯನಗರದ ಮಾರುಕಟ್ಟೆಗೆ ಹೋಗುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ವಿಚಾರಣೆಗೆ ಮೊದಲು ತುಣುಕುಗಳನ್ನು ಟೀವಿಗೆ ಹಂಚುವುದು ನಿಲ್ಲಲಿ. ಕಡತ ಪೂರ್ತಿಯಾಗಿ, ಮೂಲಭಾಷೆಯಲ್ಲಿ, ದಿನಾಂಕ ಸಮಯಗಳೊಡನೆ ನ್ಯಾಯಾಲಯದ ಮುಂದೆ ಬರಲಿ, ಆರೋಪಿಯ ವಕೀಲರಿಗೂ ಸಿಗಲಿ. ಒಂಬತ್ತು ವರ್ಷಕ್ಕಲ್ಲ, ಒಂದೆರಡು ವರ್ಷದೊಳಗೆ ಬರಲಿ. ಬೇಗನೆ ನಡೆಯುವ ವಿಚಾರಣೆ ನಿರಪರಾಧಿಗೆ ಎಷ್ಟು ಅಗತ್ಯವೋ, ಬಾಂಬಿಗೆ ಬಂಧುವನ್ನು ಕಳೆದುಕೊಂಡವನಿಗೂ ಅಷ್ಟೇ ಅಗತ್ಯ. ತಪ್ಪು ಮನುಷ್ಯನನ್ನು ಹಿಡಿದಿಟ್ಟುಕೊಂಡಷ್ಟು ದಿನವೂ ಸರಿಯಾದವನು ಬೀದಿಯಲ್ಲಿ ತಿರುಗುತ್ತಿರುತ್ತಾನೆ.

ಆ ಬೆಳಿಗ್ಗೆ ಬೆಂಚಿನಿಂದ ಏಳುವ ಮೊದಲು ಬ್ಯಾಂಕಿನ ಮಿತ್ರರನ್ನು ಕೇಳಿದೆ: "ಸ್ವಾಮಿ, ನಿಮ್ಮ ಮೊಬೈಲಿನ ಚಿತ್ರಶಾಲೆಯನ್ನು ಒಮ್ಮೆ ತೆರೆಯಿರಿ. ನೀವು ಬೇಡದೆ ವಾಟ್ಸಾಪ್ ಗುಂಪುಗಳಿಂದ ಬಂದು ಕುಳಿತ ವಿಡಿಯೋಗಳು ಎಷ್ಟಿವೆ?" ತೆರೆದರು. ಬೆರಳಿನಿಂದ ಸರಿಸುತ್ತ ಹೋದರು. ಯಾರನ್ನೋ ಬಡಿಯುವುದು, ಯಾರದೋ ಮನೆ ಉರಿಯುವುದು, ಯಾರೋ ಕತ್ತಿ ಹಿಡಿದು ಗುಡುಗುವುದು. "ಇದೆಲ್ಲ ನಾನು ನೋಡಿಯೇ ಇಲ್ಲ ಮೇಷ್ಟ್ರೇ" ಎಂದರು. ಅವರ ಮಾತನ್ನು ನಾನು ನಂಬಿದೆ. ಮೂವತ್ತು ವರ್ಷದಿಂದ ಬಲ್ಲೆನಲ್ಲ. ಬಲ್ಲವರಿಲ್ಲದ ಕಡೆ ಸಿಕ್ಕಿಬಿದ್ದವನ ಮಾತನ್ನು ನಂಬುವುದೋ ಬಿಡುವುದೋ ಎಂಬುದಕ್ಕೆ ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಹಿಡಿದು ನೋಡುವ ಆ ಎರಡು ನಿಮಿಷವೇ ಗತಿ.